ಲೇಟಣ್ಣನ ಮುಖ

ಫೆಬ್ರವರಿ ೯

ಪ್ರೀತಿಯ ಅತ್ತೆಗೆ,

ಇದ್ಯಾರಪ್ಪ ನನ್ನನ್ನು ಅತ್ತೆ ಎನ್ನುವವಳು ಎಂದು ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿರುತ್ತೀರಿ. ನಾನು ಕಟ್ಟಿನಂಗಡಿಯವರ ಮಗಳು. ವಾಚನಾಲಯದ ಎದುರಿಗೆ, ಫೋಟೊಗಳಿಗೆ ಗಾಜು, ಚೌಕಟ್ಟು ಹಾಕಿಕೊಡುವ ಅಂಗಡಿ. ನಿಮ್ಮ ಅಣ್ಣ ಮತ್ತು ನಮ್ಮಪ್ಪ ಒಂದೇ ದಿನ ಸೈನ್ಯಕ್ಕೆ ಸೇರಿದ ಸ್ನೇಹಿತರು. ನೀವು ನಿಮ್ಮ ತಾಯಿಯನ್ನು, ನಾನು ಅಜ್ಜಿ ಎನ್ನುತ್ತಿದ್ದವರನ್ನು, ಕರೆದುಕೊಂಡು ಊರು ಬಿಟ್ಟಾಗ ನನಗೆ ಹಾಲುಹಲ್ಲು ಬೀಳುತ್ತಿದ್ದ ವಯಸ್ಸು. ಬಸ್ಸಿನ ಕಿಟಕಿಯಿಂದ ಕೈ ಚಾಚಿ ನೀವು ನನ್ನ ಕೆನ್ನೆ ಹಿಂಡಿದ್ದಿರಿ. ನೋವಾಗಿತ್ತು, ಅದಕ್ಕೇ ಚೆನ್ನಾಗಿ ನೆನಪಿದೆ.

ವಿಷಯಕ್ಕೆ ಬರುತ್ತೇನೆ. ಯುದ್ಧಕ್ಕೆ ಹೋಗಿ ತಿರುಗಿ ಬಾರದ ನಮ್ಮೂರಿನವರ ಫೋಟೊಗಳು ವಾಚನಾಲಯದ ಓದುವ ಕೋಣೆಯಲ್ಲಿವೆಯಲ್ಲ, ಆ ಗೋಡೆ ತೇವ ಹಿಡಿದು ಎಲ್ಲಕ್ಕೂ ಬೂಷ್ಟು ಬಂದಿದೆ. ಗೋಡೆಗೆ ಹೊಸ ಗಾರೆ ಆಗುತ್ತಿದೆ, ಫೋಟೊಗಳಿಗೆ ಹೊಸ ಕಟ್ಟು ಹಾಕುವ ಕೆಲಸ ನನ್ನ ಪಾಲಿಗೆ ಬಂದಿದೆ. ಇದೇ ಸಮಯಕ್ಕೆ ಲೈಬ್ರರಿ ಮೇಡಂ ಒಂದು ಮಾತು ಎತ್ತಿದರು. ‘ಹೋದವರದ್ದು ಮಾತ್ರ ಯಾಕೆ? ಹೋಗಿ ಬಂದವರೂ ನಮ್ಮವರೇ ತಾನೆ? ಎಲ್ಲರ ಫೋಟೊನೂ ಹಾಕೋಣ. ಸತ್ತವರ ಹೆಸರು, ದಿನ ಹೊರಗಿನ ಕಲ್ಲಿನ ಮೇಲಿದೆ. ಹೇಗೆ ಸತ್ರು ಅನ್ನೋದು ಬೇಡ, ಹೇಗೆ ಬದುಕಿದ್ರು ಅಂತ ಮನೆಯವರು ಎರಡು ಸಾಲು ಬರೆದುಕೊಡಲಿ’ ಎಂದರು.

ಅಷ್ಟು ಹೇಳಿದ್ದೇ ತಡ, ಊರಿಗೆ ಊರೇ ಪೆನ್ನು ಹಿಡಿದು ಕೂತಿದೆ. ಲಾರಿ ಡ್ರೈವರ್ ಹೆಂಡತಿ ಬರೆದುಕೊಟ್ಟಿದ್ದು ಇದು: ‘ಲಾರಿ ಹಿಂದಕ್ಕೆ ತೆಗೆಯುವಾಗ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಗಾಡಿ ಎಂದೂ ಎಲ್ಲಿಗೂ ತಾಗಲಿಲ್ಲ, ನಾಲಿಗೆ ತುಂಬ ಗಾಯ.’ ಡ್ರಿಲ್ ಮೇಷ್ಟ್ರ ಮಗ, ‘ನಮಗೆಲ್ಲ ನೆಟ್ಟಗೆ ನಿಲ್ಲು ಅನ್ನುತ್ತ ತಾವು ಬೆನ್ನು ಬಗ್ಗಿಸಿ ಗುಲಾಬಿ ಗಿಡದ ಬುಡ ಕೆದಕುತ್ತಿದ್ದರು’ ಎಂದು ಬರೆದ. ಬದುಕಿ ಬಂದ ಕ್ಷೌರದಂಗಡಿ ಮಾಮ ತಮ್ಮ ಬಗ್ಗೆ ತಾವೇ ಬರೆದುಕೊಂಡು ಬಂದರು: ‘ಒಂದು ಗುಂಡೂ ಹಾರಿಸಲಿಲ್ಲ. ಗಡ್ಡ ಮಾತ್ರ ಲೆಕ್ಕವಿಲ್ಲದಷ್ಟು ತೆಗೆದೆ.’ ಓದಿ ನಕ್ಕೆ. ಇಂಥವರ ನಡುವೆ ಬೆಳೆದೆನಲ್ಲ ಎಂದು ಸಂತೋಷವಾಗುತ್ತದೆ.

ಅಪ್ಪ ಮಾತ್ರ ತಮ್ಮ ಫೋಟೊ ಕೊಡುತ್ತಿಲ್ಲ. ಕೇಳಿದಾಗಲೆಲ್ಲ ಅವರಿಗೆ ಎಲ್ಲೋ ಗೋಂದು ಒಣಗಿಹೋಗುತ್ತಿರುತ್ತದೆ.

ಆ ಗೋಡೆಯ ಮೇಲಿರುವ ನಿಮ್ಮ ಅಣ್ಣನನ್ನು ಊರು ಈಗಲೂ ಲೇಟಣ್ಣ ಎಂದೇ ಕರೆಯುತ್ತದೆ. ಅವರ ಬಗ್ಗೆ ಎರಡು ಸಾಲು ನೀವೋ ಅಜ್ಜಿಯೋ ಬರೆದು ಕಳಿಸಿದರೆ ಉಪಕಾರವಾಗುತ್ತದೆ.

ನಿಮ್ಮ ಉತ್ತರಕ್ಕೆ ಕಾಯುವ,
ಕಟ್ಟಿನಂಗಡಿಯ ಮಗಳು


ಫೆಬ್ರವರಿ ೨೭

ಮಗಳೇ,

ಕೆನ್ನೆ ಹಿಂಡಿದ್ದು ನಾನೇ. ಅಳು ತಡೆದುಕೊಳ್ಳಲು ಕೈಗೆ ಏನಾದರೂ ಬೇಕಾಗಿತ್ತು, ನಿನ್ನ ಕೆನ್ನೆ ಸಿಕ್ಕಿತು. ಈಗ ಕ್ಷಮಿಸಿಬಿಡು.

ನಿನ್ನ ಕಾಗದವನ್ನು ಅಮ್ಮನಿಗೆ ಎರಡು ಸಲ ಓದಿ ಹೇಳಿದೆ. ಅಮ್ಮನಿಗೆ ಈಗ ಕಣ್ಣು ಪೂರ್ತಿ ಹೋಗಿದೆ. ಇಷ್ಟು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿ ಯಾರ್ಯಾರದೋ ಕಣ್ಣಿಗೆ ಔಷಧಿ ಬಿಟ್ಟ ನನಗೆ ನನ್ನ ತಾಯಿಯ ಕಣ್ಣು ಉಳಿಸಿಕೊಳ್ಳಲು ಆಗಲಿಲ್ಲ. ಅವಳೇನೂ ಗೊಣಗುವುದಿಲ್ಲ. ಕಿಟಕಿಯ ಪಕ್ಕ ಕೂತು ಬೀದಿಯ ಸದ್ದು ಕೇಳಿಯೇ ಯಾರು ಬಂದರು, ಯಾರು ಹೋದರು ಎಂದು ನನಗೆ ವರದಿ ಒಪ್ಪಿಸುತ್ತಾಳೆ.

ಅಣ್ಣನಿಗೆ ಲೇಟಣ್ಣ ಎಂಬ ಹೆಸರು ಬಂದಿದ್ದು ಸೈಕಲ್ಲಿನಿಂದ. ರಿಪೇರಿಗೆ ಬಂದ ಸೈಕಲ್ಲನ್ನು ಊರೆಲ್ಲ ಓಡಿಸಿ, ಏರು ಹತ್ತಿಸಿ ಇಳಿಸಿ ನೋಡಿದ ಹೊರತು ವಾಪಸ್ ಕೊಡುತ್ತಿರಲಿಲ್ಲ. ಸೈಕಲ್ಲಿನ ಯಜಮಾನರು ಅವನ ರಿಪೇರಿ ಅಂಗಡಿಯ ಮುಂದೆ ಕಾಯುತ್ತ ಬೈಯುತ್ತಿದ್ದರು. ‘ಬ್ರೇಕು ಹಿಡಿಯತ್ತೆ ಅಂತ ನಂಗೆ ನಂಬಿಕೆ ಬರಬೇಕಲ್ಲ ಸ್ವಾಮಿ’ ಎನ್ನುತ್ತಿದ್ದ. ಅವನು ಹೇಗೆ ಹೋದ ಎಂದು ನಿಮ್ಮಪ್ಪ ನಮಗೆ ಎಂದೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಎರಡು ಸಾಲು ಹೇಳಮ್ಮ ಎಂದರೆ ಅಮ್ಮ ‘ಯೋಚನೆ ಮಾಡ್ಬೇಕು’ ಎಂದಳು. ಆಮೇಲೆ, ‘ಆ ಗೋಡೆ ಮೇಲಿನ ಫೋಟೊ ಹೇಗಿದೆಯಂತೆ? ಚೆನ್ನಾಗಿ ನೋಡ್ಕೊಳ್ಳೋಕೆ ಹೇಳು’ ಎಂದಳು. ಊರಿನಲ್ಲಿದ್ದಷ್ಟು ದಿನ ಪ್ರತಿ ಭಾನುವಾರ ಹೋಗಿ ಕರವಸ್ತ್ರದಲ್ಲಿ ಅದರ ಗಾಜು ಒರೆಸಿ ಬರುತ್ತಿದ್ದಳು. ನಾನು ಮಾತ್ರ ಅಳು ಬರುತ್ತದೆಂದು ಆ ಕೋಣೆಗೆ ಕಾಲಿಡುತ್ತಿರಲಿಲ್ಲ.

ನಿಮ್ಮಪ್ಪನನ್ನು ಕೇಳಿದೆ ಎಂದು ಹೇಳು. ಅವರು ನನಗೂ ಅಣ್ಣನೇ.

ಪ್ರೀತಿಯಿಂದ,
ಅತ್ತೆ


ಮಾರ್ಚ್ ೨೦

ಅತ್ತೆ,

ಈ ಕಾಗದವನ್ನು ಅಜ್ಜಿಗೆ ಹೇಳುವ ಮೊದಲು ನೀವೊಬ್ಬರೇ ಓದಿ. ಕೂತುಕೊಂಡು ಓದಿ.

ನಿನ್ನೆ ಲೇಟಣ್ಣನ ಫೋಟೊದ ಕಟ್ಟು ಬಿಚ್ಚಿದೆ. ಆ ಗೋಡೆಯ ಫೋಟೊಗಳಿಗೆಲ್ಲ ಅಂದು ಕಟ್ಟು ಹಾಕಿದವರು ಅಪ್ಪನೇ. ಹಿಂದಿನ ಹಲಗೆಗೆ ಮೊಳೆಯನ್ನು ಓರೆಯಾಗಿ ಹೊಡೆಯುವ ಚಾಳಿ ಈ ಊರಿನಲ್ಲಿ ಇನ್ಯಾರಿಗೂ ಇಲ್ಲ. ಗಾಜಿಗೂ ಫೋಟೊಗೂ ನಡುವೆ ಸುತ್ತಲೂ ದಪ್ಪ ಕಾಗದದ ಒಂದು ಅಂಚು ಕೊಡುತ್ತೇವೆ, ಅದಕ್ಕೆ ಮೌಂಟು ಎನ್ನುತ್ತೇವೆ. ಉಳಿದ ಫೋಟೊಗಳಿಗೆ ಎರಡು ಬೆರಳು ಅಗಲದ ಮೌಂಟು. ಇದೊಂದಕ್ಕೆ ಮಾತ್ರ ಕೆಳಗಡೆ ಅಂಗೈ ಅಗಲ. ಅಪ್ಪ ಅಳತೆ ತಪ್ಪುವವರಲ್ಲವಲ್ಲ ಎಂದುಕೊಂಡು ಮೌಂಟು ಎತ್ತಿದೆ. ಅದರಡಿಯಲ್ಲಿ, ಕುರ್ಚಿಯ ತೋಳಿನ ಮೇಲಿಟ್ಟ ಎಡಗೈ ಕಾಣಿಸಿತು. ಕಿರುಬೆರಳು ಕೊಕ್ಕೆಯ ಹಾಗೆ ಒಳಕ್ಕೆ ಬಾಗಿತ್ತು.

ಆ ಬೆರಳು ನನಗೆ ಗೊತ್ತು. ಅದನ್ನು ಹಿಡಿದುಕೊಂಡೇ ನಾನು ನಡೆಯಲು ಕಲಿತದ್ದು. ಹುಡುಗನಾಗಿದ್ದಾಗ ಬಾಗಿಲ ಸಂದಿಗೆ ಸಿಕ್ಕಿ ಮುರಿದ ಬೆರಳು. ಅತ್ತೆ, ಇಷ್ಟು ವರ್ಷ ಆ ಗೋಡೆಯ ಮೇಲಿದ್ದದ್ದು ನಿಮ್ಮ ಅಣ್ಣ ಅಲ್ಲ, ನಮ್ಮಪ್ಪ.

ಊರಿಗೆ ಇದು ಹೇಗೆ ಗೊತ್ತಾಗಲಿಲ್ಲ ಎಂದರೆ, ಆ ಫೋಟೊಗಳನ್ನೆಲ್ಲ ತೆಗೆದ ಸ್ಟುಡಿಯೋ ಮಾಮನ ಕೆಲಸದ ರೀತಿ ಹಾಗಿತ್ತು. ಸೈನ್ಯಕ್ಕೆ ಹೊರಟ ಹುಡುಗರಿಗೆ ಇನ್ನೂ ಸಮವಸ್ತ್ರ ಸಿಕ್ಕಿರುತ್ತಿರಲಿಲ್ಲ, ಮನೆಯವರಿಗೆ ಬಿಟ್ಟುಹೋಗಲು ಫೋಟೊ ಬೇಕು. ಅದಕ್ಕೆಂದೇ ಅವರು ಒಂದು ಕೋಟು, ಒಂದು ಟೋಪಿ ಇಟ್ಟಿದ್ದರು. ಎಲ್ಲರಿಗೂ ಅದೇ. ಕೋಟು ದೊಡ್ಡದಾದವನಿಗೆ ಬೆನ್ನ ಹಿಂದೆ ಬಟ್ಟೆ ಒಣಗಿಸುವ ಕ್ಲಿಪ್ಪು. ಆಮೇಲೆ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮೊಡವೆ ಅಳಿಸಿ, ಕೆನ್ನೆ ತುಂಬಿಸಿ, ಎಲ್ಲರಿಗೂ ಒಂದೇ ಹದದ ಮೀಸೆ ತಿದ್ದುತ್ತಿದ್ದರು. ಊರಿನ ಗಂಡುಮಕ್ಕಳೆಲ್ಲ ಒಂದೇ ತಾಯಿಯ ಮಕ್ಕಳಂತೆ ಆಗಿಬಿಡುತ್ತಿದ್ದರು. ಅಪ್ಪ ಮತ್ತು ಲೇಟಣ್ಣ ಒಬ್ಬರ ಹಿಂದೆ ಒಬ್ಬರು ಅದೇ ಕುರ್ಚಿಯಲ್ಲಿ ಕೂತಿದ್ದರು. ಯುದ್ಧ ಮುಗಿದ ಮೇಲೆ ವಾಚನಾಲಯದವರು ಕೇಳಿದಾಗ, ಮುದುಕರಾಗಿದ್ದ ಮಾಮ ಒಂದರ ಬದಲು ಇನ್ನೊಂದನ್ನು ತೆಗೆದುಕೊಟ್ಟರು.

ಫೋಟೊವನ್ನು ಅಪ್ಪನ ಮುಂದಿಟ್ಟೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಎಡಗೈಯನ್ನು ಜೇಬಿಗೆ ತುರುಕಿಕೊಂಡರು.

‘ಅಪ್ಪಾ, ಸತ್ತವರ ಸಾಲಲ್ಲಿ ನೀವೇನು ಮಾಡ್ತಿದ್ರಿ?’

‘ಏನಿಲ್ಲ. ಸುಮ್ನೆ ಕೂತಿದ್ದೆ.’

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಮೇಲೆ ನಿಧಾನವಾಗಿ ಹೇಳಿದರು.

‘ಫೋಟೊ ಹಾಕಿದ ದಿನ ಗೋಡೆ ಮೇಲೆ ನನ್ನ ಮುಖ ನೋಡಿದೆ. ಹೇಳೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಅವನ ಅಮ್ಮ ಮುಂದೆ ಹೋಗಿ ಗಾಜಿನ ಮೇಲೆ ಕೈಯಿಟ್ರು. ಅವರದ್ದು ಸೋಡಾಬುಡ್ಡಿ ಕನ್ನಡಕ, ಅದ್ರಲ್ಲೂ ಸರಿಯಾಗಿ ಕಾಣ್ತಿರಲಿಲ್ಲ. ಮಗ ಅಂದ್ಕೊಂಡು ಮುಟ್ತಿದ್ದಾರೆ. ಅದು ನಿಮ್ಮ ಮಗ ಅಲ್ಲಮ್ಮ, ನಾನು, ನೋಡಿ ಬದುಕಿ ಬಂದಿದೀನಿ ಅಂತ ಯಾವ ಬಾಯಲ್ಲಿ ಹೇಳಲಿ?’

ಆ ವಾರವೇ ಮೀಸೆ ಬೋಳಿಸಿದರಂತೆ, ಯಾರೂ ಹೋಲಿಸಿ ನೋಡದಿರಲಿ ಎಂದು. ಮನೆಯಲ್ಲಿದ್ದ ತಮ್ಮ ಪ್ರತಿಯನ್ನು ಒಲೆಗೆ ಹಾಕಿದರಂತೆ. ಫೋಟೊಗಳಿಗೆಲ್ಲ ಹೊಸ ಕಟ್ಟು ಹಾಕಿಕೊಡುತ್ತೇನೆ ಎಂದು ತಾವೇ ಮುಂದೆ ಬಿದ್ದು, ಬೆರಳನ್ನು ಮೌಂಟಿನ ಅಡಿಗೆ ಮುಚ್ಚಿದರು. ಭಾನುವಾರ ಅಜ್ಜಿ ಬಂದು ಗಾಜು ಒರೆಸುತ್ತ ತುಟಿ ಅಲ್ಲಾಡಿಸುವುದನ್ನು ಅಂಗಡಿಯ ಬಾಗಿಲ ಮರೆಯಿಂದ ನೋಡುತ್ತಿದ್ದರಂತೆ. ಒಂದು ಸಲ ಧೈರ್ಯ ಮಾಡಿ, ಲೇಟಣ್ಣನ ನೆಗೆಟಿವ್ ಹುಡುಕಲು ಸ್ಟುಡಿಯೋಗೆ ಹೋದರು. ಅಷ್ಟು ಹೊತ್ತಿಗೆ ಮಾಮ ತೀರಿಕೊಂಡು, ಮನೆಯವರು ಗಾಜಿನ ನೆಗೆಟಿವ್‌ಗಳನ್ನೆಲ್ಲ ಬಿಸಿನೀರಿನಲ್ಲಿ ತೊಳೆದು ಬರೀ ಗಾಜು ಮಾಡಿ ಮಾರಿದ್ದರು. ಅದರಲ್ಲಿ ಕೆಲವು ನಮ್ಮ ಅಂಗಡಿಗೇ ಬಂದಿದ್ದವು.

‘ನಾನು ಗೋಡೆಯಿಂದ ಇಳಿದ್ರೆ ಅವನ ಜಾಗ ಖಾಲಿ. ಇಳೀದೆ ಇದ್ರೆ ಅವನ ಮುಖ ಊರಿಗೇ ಮರೆತುಹೋಗತ್ತೆ. ಹಳಬರು ಎಷ್ಟು ಜನ ಉಳಿದಿದೀವಿ? ನಾನು ಸಾಯೋದ್ರೊಳಗೆ ಅವನ ಮುಖ ಅವನ ಜಾಗದಲ್ಲಿರಬೇಕು. ಆದ್ರೆ ಅಮ್ಮನಿಗೆ ಗೊತ್ತಾಗಬಾರದು. ಅಷ್ಟು ವರ್ಷ ಬೇರೆಯವನ ಮುಖ ಒರೆಸಿದೆ ಅಂತ ಗೊತ್ತಾದ್ರೆ ಆ ಜೀವ ತಡ್ಕೊಳಲ್ಲ.’

ಅತ್ತೆ, ಹೊಸ ಫೋಟೊಗೋಡೆಯ ಅನಾವರಣ ಜೂನ್ ಮೊದಲ ವಾರ. ನಾನು ಅಡಕತ್ತರಿಯಲ್ಲಿ ಸಿಕ್ಕಿದ್ದೇನೆ. ನಿಮ್ಮ ಹತ್ತಿರ ನಿಮ್ಮ ಅಣ್ಣನ ಯಾವುದಾದರೂ ಫೋಟೊ ಇದೆಯೇ? ಅಜ್ಜಿಗೆ ಹೇಳುವುದೋ ಬಿಡುವುದೋ ನಿಮಗೇ ಬಿಟ್ಟಿದ್ದೇನೆ.

ನಿಮ್ಮ,
ಕಟ್ಟಿನಂಗಡಿಯ ಮಗಳು


ಏಪ್ರಿಲ್ ೧೮

ಅತ್ತೆ,

ಇನ್ನೂ ನಿಮ್ಮ ಉತ್ತರವಿಲ್ಲ. ಅಂಚೆಯವನು ನಮ್ಮ ಅಂಗಡಿ ದಾಟುವಾಗ ಈಗ ನನ್ನ ಕಡೆ ನೋಡುವುದನ್ನೇ ಬಿಟ್ಟಿದ್ದಾನೆ. ಸುಮ್ಮನಿದ್ದವರ ಮನೆಗೆ ಸಂಕಟ ಕಳಿಸಿದೆನೋ ಏನೋ. ಅಜ್ಜಿ ಹೇಗಿದ್ದಾರೆ, ಅಷ್ಟಾದರೂ ಬರೆಯಿರಿ. ಉಳಿದದ್ದು ಬೇಡ.

ಕಟ್ಟಿನಂಗಡಿಯ ಮಗಳು


ಏಪ್ರಿಲ್ ೩೦

ಮಗಳೇ,

ಅಮ್ಮ ಚೆನ್ನಾಗಿದ್ದಾಳೆ. ಚೆನ್ನಾಗಿಲ್ಲದೆ ಇದ್ದವಳು ನಾನು. ನಿನ್ನ ಕಾಗದವನ್ನು ದಿಂಬಿನ ಕೆಳಗಿಟ್ಟುಕೊಂಡು ಹೇಳಲೋ ಬೇಡವೋ ಎಂದು ಒದ್ದಾಡಿದೆ. ಕೊನೆಗೆ ಅಮ್ಮನೇ ಹಿಡಿದುಹಾಕಿದಳು. ‘ಊರಿಂದ ಕಾಗದ ಬಂದಿದೆ, ನೀನು ಹೇಳ್ತಿಲ್ಲ. ಬಂದ ದಿನದಿಂದ ನಿನ್ನ ಪಾತ್ರೆ ಸದ್ದು ಜಾಸ್ತಿಯಾಗಿದೆ’ ಎಂದಳು. ಕಣ್ಣಿಲ್ಲದವಳ ಹತ್ತಿರ ಗುಟ್ಟು ನಿಲ್ಲುವುದಿಲ್ಲ. ಓದಿದೆ. ಓದುತ್ತ ನಾನೇ ಅತ್ತುಬಿಟ್ಟೆ. ಅಮ್ಮ ನಕ್ಕಳು.

‘ಹೆತ್ತ ಮಗನ ಮುಖ ನಂಗೆ ಗೊತ್ತಾಗಲ್ವೇನೇ? ಸೋಡಾಬುಡ್ಡಿ ಹಾಕ್ಕೊಂಡಿದ್ದೆ, ತಲೆ ಕೆಟ್ಟಿರಲಿಲ್ಲ.’

ಮೊದಲ ದಿನದಿಂದಲೇ ಗೊತ್ತಿತ್ತಂತೆ! ಮತ್ತೆ ಯಾಕಮ್ಮ ಸುಮ್ಮನಿದ್ದೆ ಎಂದು ಕೇಳಿದೆ. ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ, ನಿಮ್ಮಪ್ಪನಿಗೆ ಓದಿ ಹೇಳು.

‘ಆ ಹುಡುಗ ಗೋಡೆ ನೋಡಿ ಸುಣ್ಣದ ಹಾಗೆ ಬಿಳಿಚಿಕೊಂಡ. ಬಂದಾಗಿಂದ ಅವನು ಯಾರ ಮುಖಾನೂ ನೋಡ್ತಿರಲಿಲ್ಲ, ಬದುಕಿ ಬಂದಿದ್ದೇ ತಪ್ಪು ಅನ್ನೋ ಹಾಗೆ ಇದ್ದ. ಇದು ನನ್ನ ಮಗ ಅಲ್ಲ, ಇವನು ಅಂತ ನಾನು ಅಂದಿದ್ರೆ ಇಡೀ ಊರು ಅವನ ಕಡೆ ತಿರುಗ್ತಿತ್ತು. ಯಾರೋ ನಗ್ತಿದ್ರು, ಯಾರೋ ಅಪಶಕುನ ಅಂತಿದ್ರು. ಅವನ ಹೆಂಡ್ತಿ ಬೇರೆ ಬಸುರಿ. ಅದಕ್ಕೇ ಎಲ್ಲರಿಗಿಂತ ಮೊದಲು ನಾನೇ ಹೋಗಿ ಕೈಯಿಟ್ಟೆ. ತಾಯಿನೇ ಮುಟ್ಟಿದ ಮೇಲೆ ಇನ್ಯಾರು ಕೇಳ್ತಾರೆ?’

ನಿನಗೆ ಕೋಪ ಬರಲಿಲ್ಲವಾ ಎಂದೆ.

‘ಬಂತು. ಬರದೆ ಇರತ್ತಾ? ಇವನು ಬಂದ, ನನ್ನವನು ಬರಲಿಲ್ಲ ಅಂತ ಹೊಟ್ಟೆ ಉರೀತು. ಮೊದಲ ಭಾನುವಾರ ಬೈಯೋಕೇ ಹೋಗಿದ್ದೆ. ಬೈಯೋಕೆ ಬಾಯಿ ಬರಲಿಲ್ಲ. ಊಟ ಮಾಡಿದ್ಯೇನಪ್ಪ ಅಂದೆ. ಎದುರು ಸಿಕ್ರೆ ಓಡ್ತಿದ್ದ, ಫೋಟೊ ಎಲ್ಲಿಗೆ ಓಡತ್ತೆ? ಆಮೇಲೆ ಪ್ರತಿ ವಾರ ಹೋಗಿ ಮಾತಾಡಿಸಿ ಬರ್ತಿದ್ದೆ. ಮಾತಾಡ್ತಾ ಮಾತಾಡ್ತಾ ಅವನು ಬಂದಿದ್ದು ನಂಗೂ ಒಳ್ಳೇದೇ ಆಯ್ತು ಅನ್ನಿಸ್ತು. ಇಲ್ಲದಿದ್ರೆ ಯಾರನ್ನ ಕೇಳ್ತಿದ್ದೆ ಊಟ ಆಯ್ತಾ ಅಂತ?’

ನೀನು ಹುಟ್ಟಿದ ವಾರವೂ ಹೋಗಿದ್ದಳಂತೆ. ‘ಹೆಣ್ಣಂತೆ. ಚೆನ್ನಾಗಿ ನೋಡ್ಕೋ’ ಎಂದು ಗಾಜಿಗೆ ಹೇಳಿ ಬಂದಳಂತೆ. ನಿಮ್ಮಪ್ಪ ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದದ್ದು ಅವಳಿಗೂ ಗೊತ್ತಿರಲಿಲ್ಲ.

ಇನ್ನು ಅಣ್ಣನ ಫೋಟೊ. ಸ್ಟುಡಿಯೋ ಮಾಮ ಅವತ್ತು ನಮಗೆ ಕೊಟ್ಟ ಪ್ರತಿ ಸರಿಯಾದದ್ದೇ. ಅದು ಅಮ್ಮನ ಬಟ್ಟೆಗಳ ನಡುವೆ ಭದ್ರವಾಗಿದೆ. ಅಮ್ಮ ತನ್ನ ಬಟ್ಟೆ ಮುಟ್ಟಲು ನನಗೇ ಬಿಡುವವಳಲ್ಲ. ಗೋಡೆಗೆ ಕೊಡುತ್ತಾಳಂತೆ, ಆದರೆ ಅಂಚೆಯಲ್ಲಿ ಅಲ್ಲ. ‘ಅವನೇ ಬಂದು ತಗೊಂಡು ಹೋಗಲಿ. ಇನ್ನೆಷ್ಟು ದಿನ ಓಡ್ತಾನೆ?’ ಎಂದಳು. ತನ್ನ ಮಗನ ಬಗ್ಗೆ ಎರಡು ಸಾಲು ನಿಮ್ಮಪ್ಪನೇ ಬರೆಯಬೇಕಂತೆ. ನಿಮ್ಮಪ್ಪನ ಬಗ್ಗೆ ತಾನು ಬರೆಸುತ್ತಾಳಂತೆ.

ಪ್ರೀತಿಯಿಂದ,
ಅತ್ತೆ


ಮೇ ೧೧

ಅತ್ತೆ,

ಓದಿ ಹೇಳಿದೆ. ಅಪ್ಪ ಒಳಗೆ ಹೋಗಿ ಯಾರೂ ಹೇಳದ ಅಳತೆಗೆ ಗಾಜು ಕೊಯ್ಯತೊಡಗಿದರು. ಕೊಯ್ದ ಗಾಜನ್ನೆಲ್ಲ ಗೋಡೆಗೆ ಒರಗಿಸಿಟ್ಟು ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. ‘ಆ ಅಮ್ಮನಿಗೆ ಹೆದರಿ ನಾನು ಹಿಂದಿನ ಬೀದೀಲಿ ಓಡಾಡ್ತಿದ್ದೆ ಕಣೇ. ಅವರು ನನ್ನ ಕಾಯ್ತಾ ಇದ್ರು’ ಎಂದರು.

ಲೇಟಣ್ಣನ ಎರಡು ಸಾಲು ಬರೆಯಲು ಅವರಿಗೆ ವಾರ ಹಿಡಿಯಿತು. ಬರೆದದ್ದು ಇಷ್ಟು: ‘ಬ್ರೇಕು ಹಿಡಿಯುತ್ತದೆಂದು ತನಗೆ ನಂಬಿಕೆ 	ಬರುವ ತನಕ ಸೈಕಲ್ಲನ್ನು ಯಾರಿಗೂ ಕೊಡುತ್ತಿರಲಿಲ್ಲ. ಅಲ್ಲಿ ಹೊಳೆ ದಾಟುವಾಗಲೂ ನಮ್ಮನ್ನೆಲ್ಲ ಮುಂದೆ ಕಳಿಸಿ, ಎಲ್ಲರೂ ದಾಟಿದರೆಂದು ನಂಬಿಕೆ ಬಂದ ಮೇಲೆ ತಾನು ಹೊರಟ.’

ಲೈಬ್ರರಿ ಮೇಡಂ ಓದಿ, ‘ಹೇಗೆ ಸತ್ರು ಅನ್ನೋದು ಬೇಡ ಅಂದಿದ್ವಲ್ಲ’ ಎಂದರು. ‘ಅದೂ ಅವನು ಬದುಕಿದ ರೀತಿನೇ’ ಎಂದರು ಅಪ್ಪ. ಮೇಡಂ ಆ ಕಾಗದವನ್ನು ಹಾಗೆಯೇ ಫೈಲಿಗೆ ಸೇರಿಸಿದರು. ಅತ್ತೆ, ನಾನು ಇಂದು ಇರುವುದೇ ಆ ಹೊಳೆಯ ದೆಸೆಯಿಂದ ಎಂದು ನನಗೆ ಇಷ್ಟು ದಿನ ಗೊತ್ತಿರಲಿಲ್ಲ. ನಿಮಗೆ, ಅಜ್ಜಿಗೆ ಹೇಗೆ ಕೃತಜ್ಞತೆ ಹೇಳುವುದೋ ತಿಳಿಯುತ್ತಿಲ್ಲ.

ಅಪ್ಪ ಹದಿನಾರಕ್ಕೆ ಹೊರಡುತ್ತಾರೆ. ಫೋಟೊ ಮಡಚದಂತೆ ತರಲು ಎರಡು ಹಲಗೆಯ ಒಂದು ಪೆಟ್ಟಿಗೆ ತಾವೇ ಮಾಡಿಕೊಂಡಿದ್ದಾರೆ. ಬಸ್ಸಿನಲ್ಲಿ ಅದನ್ನು ತೊಡೆಯಿಂದ ಕೆಳಗಿಳಿಸುವುದಿಲ್ಲ, ನೋಡಿ ಬೇಕಾದರೆ.

ನಿಮ್ಮ,
ಕಟ್ಟಿನಂಗಡಿಯ ಮಗಳು


ಮೇ ೧೯

ಮಗಳೇ,

ನಿನ್ನ ಕಾಗದ ಮೊದಲೇ ಬಂದಿತ್ತು, ಅಮ್ಮನಿಗೆ ಓದಿ ಹೇಳಿದ್ದೆ. ನಿಮ್ಮಪ್ಪನೂ ಸುಖವಾಗಿ ಬಂದು ತಲುಪಿದರು. ಎರಡು ದಿನ ಹೆಚ್ಚಿಗೆ ಇರಿಸಿಕೊಳ್ಳುತ್ತೇವೆ, ಅಂಗಡಿ ನೀನೇ ನೋಡಿಕೋ.

ಬಾಗಿಲಿಗೆ ಬಂದು ನಿಂತವರು ಒಳಗೆ ಬರಲೇ ಇಲ್ಲ. ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡು ಹೊಸ್ತಿಲಲ್ಲೇ ನಿಂತಿದ್ದರು. ಅಮ್ಮ ಕಿಟಕಿಯ ಪಕ್ಕದಿಂದಲೇ, ‘ಅಲ್ಲೇ ಯಾಕೋ ನಿಂತಿದೀಯ? ಒಳಗೆ ಬಾ’ ಎಂದಳು. ಹೋಗಿ ಅವಳ ಕುರ್ಚಿಯ ಮುಂದೆ ನೆಲದ ಮೇಲೆ ಕೂತರು. ಏನೇನೋ ಹೇಳಬೇಕೆಂದು ಸಿದ್ಧಮಾಡಿಕೊಂಡು ಬಂದಿದ್ದರೇನೋ. ಬಾಯಿಂದ ಬಂದದ್ದು ಮಾತ್ರ, ‘ಅಮ್ಮಾ, ನಾನು ಬಂದ್ಬಿಟ್ಟೆ. ಅವನನ್ನ ಬಿಟ್ಟು ಬಂದ್ಬಿಟ್ಟೆ.’

‘ಗೊತ್ತು ಕಣೋ’ ಎಂದಳು ಅಮ್ಮ. ‘ಅವನೇ ನಿನ್ನ ಮುಂದೆ ಕಳಿಸಿದ್ದು. ನನ್ನ ಮಗ ಕಳಿಸಿದ್ದನ್ನ ನಾನು ಬೇಡ ಅಂತೀನಾ?’

ಅವರು ಬರೆದ ಎರಡು ಸಾಲನ್ನು ಅವರೇ ಓದಿದರು. ಅಮ್ಮ ಅದನ್ನು ಇನ್ನೊಮ್ಮೆ ಓದಿಸಿದಳು. ಇಷ್ಟು ವರ್ಷ ಕೇಳದೆ ಇದ್ದದ್ದಕ್ಕೆ ಅವಳಿಗೆ ಅವರ ಬಾಯಿಂದಲೇ ಉತ್ತರ ಸಿಕ್ಕಿತು. ನಾನು ಟೀ ಮಾಡುವ ನೆಪದಲ್ಲಿ ಒಳಗೆ ಹೋಗಿ ಚೆನ್ನಾಗಿ ಅತ್ತು ಬಂದೆ.

ಟೀ ತಂದಾಗ ಅಮ್ಮ ಎರಡೂ ಕೈಯನ್ನು ನಿಮ್ಮಪ್ಪನ ಮುಖದ ಮೇಲಿಟ್ಟಿದ್ದಳು. ಹಣೆಯ ಗೆರೆಗಳನ್ನು, ಬೋಳಾದ ನೆತ್ತಿಯನ್ನು, ಜೋತುಬಿದ್ದ ಕೆನ್ನೆಯನ್ನು, ಹಲ್ಲು ಹೋಗಿ ಒಳಕ್ಕೆ ಸೇರಿದ ಬಾಯಿಯನ್ನು ಬೆರಳಿನಲ್ಲಿ ಒಂದೊಂದಾಗಿ ಮುಟ್ಟಿ ನೋಡುತ್ತಿದ್ದಳು. ನಿಮ್ಮಪ್ಪ ಕಣ್ಣೊರೆಸಿಕೊಳ್ಳಲು ಕೈಯೆತ್ತಿದರು. ‘ಅಲುಗಾಡಬೇಡ, ಇನ್ನೂ ಮುಗಿದಿಲ್ಲ’ ಎಂದಳು ಅಮ್ಮ.

ಆಮೇಲೆ ನನ್ನನ್ನು ಕರೆದು, ನಿಮ್ಮಪ್ಪನ ಫೋಟೊದ ಕೆಳಗೆ ಹಾಕಲು ಎರಡು ಸಾಲು ಬರೆಸಿದಳು. ಒಂದಕ್ಷರವನ್ನೂ ತಿದ್ದಬಾರದೆಂದು ಲೈಬ್ರರಿ ಮೇಡಂಗೆ ಹೇಳಬೇಕಂತೆ:

‘ಇವನು ಬದುಕಿ ಬಂದು, ಚೆನ್ನಾಗಿ ಮುದುಕನಾದ. ನನ್ನ ಮಗ ಮುದುಕನಾಗಿದ್ದರೆ ಹೇಗಿರುತ್ತಿದ್ದ ಎಂದು ಇವನ ಮುಖ ಮುಟ್ಟಿ ನೋಡಿ ತಿಳಿದುಕೊಂಡೆ.’

ಪ್ರೀತಿಯಿಂದ,
ಅತ್ತೆ